ತೋಟಾ ಮತ್ತು ಜಿಂಕೆ: ಅಮೇರಿಕದ ಮೃಗಯಾಸಾಹಿತ್ಯದಲ್ಲಿ ಔಚಿತ್ಯವಿಚಾರ

ಕಾಮಜಗಳಾದ ಹತ್ತು ವ್ಯಸನಗಳನ್ನು ಎಣಿಸುವಾಗ ಮನುವು ಮೃಗಯೆಯನ್ನೇ ಮೊದಲು ಹೆಸರಿಸಿರುವನು. ಕೌಟಿಲ್ಯನಾದರೋ ಬೇಟೆಯನ್ನು ಜೂಜಿನೊಡನೆ ತೂಗಿ ನೋಡಿ, ಬೇಟೆಯಲ್ಲಿ ದೇಹಕ್ಕೆ ವ್ಯಾಯಾಮವೂ, ನಿಂತ ಮತ್ತು ಓಡುವ ಗುರಿಗಳಲ್ಲಿ ಕೈಯ ಪಳಗುವಿಕೆಯೂ, ಮೃಗಗಳ ಚಿತ್ತವೃತ್ತಿಯ ಪರಿಜ್ಞಾನವೂ ಇರುವುವೆಂದು ಅದರ ಪಕ್ಷವನ್ನು ಕೊಂಚ ಹಿಡಿದಿರುವನು. ಶಾಕುಂತಲದ ಎರಡನೆಯ ಅಂಕದಲ್ಲಿ ಈ ಎರಡು ಮತಗಳೂ ಪಾತ್ರಗಳಾಗಿ ಬಂದು ನಿಂತಿವೆ. ಸೇನಾಪತಿಯು ಬೇಟೆಯನ್ನು ಹೊಗಳುವನು, ವಿದೂಷಕನು ಮೈಕೈನೋವಿನಿಂದ ಅದನ್ನು ಹಳಿಯುವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೃಗಯಾವಿನೋದವನ್ನು ವಿಸ್ತಾರವಾಗಿಯೇ ವಿವರಿಸಿರುವನು. ಹೀಗೆ ಬೇಟೆಯು ಭರತಖಂಡದ ಸಾಹಿತ್ಯಕ್ಕೆ ಹಳೆಯ ವಸ್ತು. ಆದರೆ ಜಿಂಕೆಯನ್ನು ಕೊಲ್ಲಲು ಎಂತಹ ಬಾಣವು ತಕ್ಕುದು ಎಂಬ ಪ್ರಶ್ನೆಯನ್ನು ಕವಿಗಳು ಧನುರ್ವೇದದವರಿಗೆ ಬಿಟ್ಟುಕೊಟ್ಟು ತಾವು ಸುಮ್ಮನಾದರು. ಅಮೇರಿಕಾದೇಶದಲ್ಲಿ ಹಾಗಾಗಲಿಲ್ಲ. ಜಿಂಕೆಯ ಬೇಟೆಗೆ ಯಾವ ತೋಟಾ ಯೋಗ್ಯವೆಂಬ ಒಂದು ಪ್ರಶ್ನೆಯ ಸುತ್ತಲೇ ಅಲ್ಲಿ ನೂರು ವರ್ಷಕ್ಕೂ ಮಿಕ್ಕಿ ಗದ್ಯವು ಬೆಳೆದಿದೆ. ಆ ಗದ್ಯದಲ್ಲಿ ಪಂಥಗಳಿವೆ, ಆಚಾರ್ಯರಿದ್ದಾರೆ, ಖಂಡನಮಂಡನಗಳಿವೆ. ಅದನ್ನು ಸಾಹಿತ್ಯದೃಷ್ಟಿಯಿಂದ ಪರಿಶೀಲಿಸುವುದು ಅಪ್ರಯೋಜಕವಾಗಲಾರದು.

1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಶಾಸನವು ಬಂದಮೇಲೆ ಭಾರತದಲ್ಲಿ ವಿನೋದಕ್ಕಾಗಿ ಜಿಂಕೆಯನ್ನು ಕೊಲ್ಲುವುದು ದಂಡನೀಯವಾದ ಅಪರಾಧವಾಗಿರುವುದರಿಂದ, ಇಲ್ಲಿನ ವಾಚಕರಿಗೆ ಈ ಗ್ರಂಥಗಳಿಂದ ಉಪದೇಶವೇನೂ ಬೇಕಾಗಿಲ್ಲ. ಅಮೇರಿಕದಲ್ಲಿ ಪರಿಸ್ಥಿತಿಯು ಬೇರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅತಿಬೇಟೆಯಿಂದ ಕೆಲವು ಲಕ್ಷಕ್ಕಿಳಿದಿದ್ದ ಬಿಳಿಬಾಲದ ಜಿಂಕೆಗಳು ಕಟ್ಟುನಿಟ್ಟಾದ ನಿಯಮಗಳಿಂದ ಚೇತರಿಸಿಕೊಂಡು ಈಗ ಅಂದಾಜು ಮೂರು ಕೋಟಿಯಷ್ಟಾಗಿವೆ. ತೋಳಗಳು ಬಹುಭಾಗ ಅಳಿದುಹೋದ ಕಾಡುಗಳಲ್ಲಿ ಅವುಗಳ ಸಂಖ್ಯೆಯನ್ನು ಹಿಡಿತದಲ್ಲಿಡುವ ಕೆಲಸವು ಪರವಾನಗಿ ಪಡೆದ ಬೇಟೆಗಾರರ ಮೇಲೆ ಬಿದ್ದಿದೆ. ಜಿಮ್ ಕಾರ್ಬೆಟ್ ಮತ್ತು ಕೆನ್ನೆತ್ ಆಂಡರ್ಸನ್ ಇವರ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿ ಸವಿದವರಿಗೆ ಒಂದು ಭೇದವು ಕೂಡಲೇ ಕಾಣುವುದು. ಆ ಕಥನಗಳಲ್ಲಿ ಸಾಯುವುದು ನರಭಕ್ಷಕ ವ್ಯಾಘ್ರ. ಅಲ್ಲಿ ಕೊಲೆಗೆ ಆವಶ್ಯಕತೆಯೇ ಸಮರ್ಥನೆ. ಜಿಂಕೆಯು ಯಾರನ್ನೂ ತಿಂದಿಲ್ಲ. ಆದುದರಿಂದ ಜಿಂಕೆಯ ಬೇಟೆಯನ್ನು ಬರೆಯುವವನ ಸಮರ್ಥನೆಯ ಭಾರವೆಲ್ಲ ಕೊಲ್ಲುವ ರೀತಿಯ ಮೇಲೆಯೇ ಬೀಳುವುದು. ಪ್ರಾಣಿಯು ಕ್ಷಣದಲ್ಲಿ ಸತ್ತಿತೋ, ಹೊಟ್ಟೆಯಲ್ಲಿ ಗುಂಡು ಹೊತ್ತು ಪೊದೆಯೊಳಗೆ ನರಳಿ ಸತ್ತಿತೋ ಎಂಬುದು ಅನೇಕಾಂಶದಲ್ಲಿ ತೋಟಾದ ಆಯ್ಕೆಯಲ್ಲಿದೆ. ಕೇವಲ ಲೋಹವಿಚಾರವಾಗಿ ಕಾಣುವ ಈ ಪ್ರಶ್ನೆಯ ಹೃದಯದಲ್ಲಿರುವುದು ಕರುಣೆಯೇ ಎಂಬುದನ್ನು ಮರೆತರೆ ಈ ಸಾಹಿತ್ಯದ ಗುಣದೋಷಗಳು ತಿಳಿಯುವುದಿಲ್ಲ.

ತೋಟಾ ಎಂದರೆ ಹಿತ್ತಾಳೆಯ ಒಂದು ಚಿಕ್ಕ ಕೊಳವೆ. ಅದರ ತಳದಲ್ಲಿ ಕೇಪು, ಮಧ್ಯದಲ್ಲಿ ಮದ್ದು, ಬಾಯಲ್ಲಿ ಗುಂಡು. ರೈಫಲ್ ಕೋವಿಯ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಹಾರಿಸುವುವು. ಗುಂಡಿನ ತೂಕವನ್ನು ಗ್ರೇನುಗಳಲ್ಲಿ ಹೇಳುವುದು ರೂಢಿ. ಬ್ರಿಟಿಷರ ಕಾಲದ ತೊಲವು ಸರಿಯಾಗಿ 180 ಗ್ರೇನಾದುದರಿಂದ, ಅಮೇರಿಕದವರು ದೊಡ್ಡ ಮೃಗಗಳಿಗೆ ಬಳಸುವ 180 ಗ್ರೇನಿನ ಗುಂಡು ಒಂದು ತೊಲವೆಂದು ಹಿರಿಯ ವಾಚಕರು ಸುಲಭವಾಗಿ ಗ್ರಹಿಸಬಹುದು. ಜಿಂಕೆಗೆ ಸಾಮಾನ್ಯವಾಗಿ ಬಳಸುವುದು ಅದಕ್ಕಿಂತ ಹಗುರವಾದುದು. ಇನ್ನು ತೋಟಾಗಳ ಹೆಸರುಗಳಾದರೋ ಶಬ್ದಶಾಸ್ತ್ರಜ್ಞರಿಗೆ ವಿನೋದವನ್ನುಂಟುಮಾಡುವಂತಿವೆ. 1895ರಲ್ಲಿ ಬಂದ 30-30 ಎಂಬುದರಲ್ಲಿ ಮೊದಲ ಸಂಖ್ಯೆಯು ಅಂಗುಲದ ಶತಾಂಶಗಳಲ್ಲಿ ನಳಿಗೆಯ ವ್ಯಾಸ, ಎರಡನೆಯದು ಗ್ರೇನುಗಳಲ್ಲಿ ಮದ್ದಿನ ತೂಕ. 30-06 ಎಂಬುದರಲ್ಲಿ ಎರಡನೆಯದು 1906ನೆಯ ಇಸವಿ. .270 ಎಂಬುದರ ಗುಂಡನ್ನು ಅಳೆದರೆ .277 ಅಂಗುಲವಾಗುವುದು. ಮದ್ದು ಬದಲಾದ ಮೇಲೂ 30-30 ಎಂಬ ಹೆಸರು ಉಳಿದುಕೊಂಡಿದೆ. ಯೌಗಿಕವಾಗಿ ಹುಟ್ಟಿದ ಶಬ್ದವು ರೂಢಿಗೆ ಬಿದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಈ ಸಾಹಿತ್ಯದ ಪ್ರಧಾನವಾದ ವಾಗ್ವಾದವು ಜ್ಯಾಕ್ ಓಕಾನರ್ ಮತ್ತು ಎಲ್ಮರ್ ಕೀತ್ ಎಂಬಿಬ್ಬರದು. ಓಕಾನರರು (1902-1978) ಅರಿಜೋನಾ ಪ್ರಾಂತದಲ್ಲಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಆಂಗ್ಲಸಾಹಿತ್ಯವನ್ನೂ ಪತ್ರಿಕೋದ್ಯಮವನ್ನೂ ಬೋಧಿಸಿದವರು; ಬಂದೂಕಿನ ವಿಷಯಕ್ಕೆ ಹೆಸರಾಗುವ ಮೊದಲೇ ಕಾದಂಬರಿಯನ್ನು ಪ್ರಕಟಿಸಿದ್ದವರು. 'ಔಟ್‌ಡೋರ್ ಲೈಫ್' ಎಂಬ ಮಾಸಪತ್ರಿಕೆಯಲ್ಲಿ ಅವರು 1972ರ ವರೆಗೆ ದಶಕಗಳ ಕಾಲ ಬಂದೂಕಿನ ಅಂಕಣವನ್ನು ನಡೆಯಿಸಿದರು. ಕೀತರು (1899-1984) ಪಾಠಶಾಲೆಯಲ್ಲಿ ಬೆಳೆದವರಲ್ಲ, ದನಗಾಹಿಗಳ ನಡುವೆ ಬೆಳೆದವರು. ಬಾಲ್ಯದಲ್ಲಿ ಬೆಂಕಿಯ ಅಪಘಾತಕ್ಕೆ ಸಿಕ್ಕಿ ಬೆಂದ ಕೈಗಳಿಂದಲೇ ಗುರಿಯನ್ನು ಸಾಧಿಸಿಕೊಂಡು, ಮುಂದೆ ಐಡಹೋ ಪ್ರಾಂತದ ಪರ್ವತಗಳಲ್ಲಿ ಬೇಟೆಗಾರರಿಗೆ ದಾರಿತೋರಿಸುವವರಾಗಿ ಜೀವಿಸಿದರು. ಓಕಾನರರೂ ಉತ್ತರವಯಸ್ಸಿನಲ್ಲಿ ಐಡಹೋದಲ್ಲಿಯೇ ನೆಲಸಿದರು. ಕೀತರ ಊರಿನ ಮುಂದೆ ಹರಿಯುವ ಸಾಲ್ಮನ್ ನದಿಯು ಸ್ನೇಕ್ ನದಿಯನ್ನು ಕೂಡಿಕೊಂಡು ಓಕಾನರರ ಲೂಯಿಸ್ಟನ್ ಪಟ್ಟಣದ ಮುಂದೆ ಹಾದುಹೋಗುವುದು. ನೀರು ಒಂದೇ ಆದರೂ ಮತಗಳು ಕೂಡಲಿಲ್ಲ.

1925ರಲ್ಲಿ ವಿಂಚೆಸ್ಟರ್ ಕಂಪೆನಿಯವರು .270 ಎಂಬ ತೋಟಾವನ್ನು ಹೊರತಂದರು. ಹಗುರವಾದ 130 ಗ್ರೇನಿನ ಗುಂಡು, ಸೆಕೆಂಡಿಗೆ 3,000 ಅಡಿಗೂ ಮಿಕ್ಕ ವೇಗ. ಓಕಾನರರು ಅದನ್ನು ಮೊದಲ ವರ್ಷದಲ್ಲಿಯೇ ಕೊಂಡು, ಜೀವಮಾನವೆಲ್ಲ ಅದನ್ನು ಹೊಗಳಿದರು. ಹಗುರವಾದ ಗುಂಡು ವೇಗವಾಗಿ ಹಾರುವುದರಿಂದ ಅದರ ಮಾರ್ಗವು ಹೆಚ್ಚು ಬಾಗದು, ದೂರದ ಅಂದಾಜು ಸ್ವಲ್ಪ ತಪ್ಪಿದರೂ ಗುರಿ ತಪ್ಪದು, ಭುಜಕ್ಕೆ ಒದೆತವು ಮಿತವಾದುದರಿಂದ ಬೇಟೆಗಾರನು ಅಂಜದೆ ಕುದುರೆಯನ್ನು ಎಳೆಯುವನು ಎಂಬುದು ಅವರ ಪಕ್ಷದ ಸಾರ. ಕೀತರ ಪಕ್ಷವು ಇದಕ್ಕೆ ನೇರವಾಗಿ ವಿರುದ್ಧವಾದುದು. ಗುಂಡು ದಪ್ಪವಾಗಿರಬೇಕು, ಭಾರವಾಗಿರಬೇಕು, ಮೃಗವು ಯಾವ ಕೋನದಲ್ಲಿ ನಿಂತಿದ್ದರೂ ಎಲುಬನ್ನು ಮುರಿದು ಒಳಹೊಕ್ಕು ಮರ್ಮಸ್ಥಾನವನ್ನು ಮುಟ್ಟಬೇಕು. ವೇಗವೊಂದನ್ನೇ ನೆಚ್ಚಿದ ಸಣ್ಣ ಗುಂಡು ಎಲುಬಿಗೆ ತಾಕಿ ಪುಡಿಯಾಗುವುದು. 1936ರಲ್ಲಿ ಅವರು ದೊಡ್ಡ ಮೃಗಗಳ ರೈಫಲುಗಳನ್ನೂ ತೋಟಾಗಳನ್ನೂ ಕುರಿತು ಪ್ರಕಟಿಸಿದ ಗ್ರಂಥದಿಂದ ಕಡೆಯ ಬರಹಗಳ ವರೆಗೆ ಈ ಮತದಲ್ಲಿ ಸಡಿಲಿಕೆಯಿಲ್ಲ.

ವಾದಿಗಳಿಬ್ಬರಲ್ಲಿ ಯಾರು ಸರಿಯೆಂದು ಕೇಳುವ ಮೊದಲು ಅವರವರ ಕಣ್ಣಮುಂದೆ ಇದ್ದುದೇನೆಂದು ಕೇಳುವುದು ವಿಮರ್ಶಕನ ಧರ್ಮ. ಓಕಾನರರು ಬೆಳೆದುದು ಅರಿಜೋನಾ ಮತ್ತು ಸೊನೋರಾದ ಮರುಭೂಮಿಯ ಬೆಟ್ಟಗಳಲ್ಲಿ. ಅಲ್ಲಿನ ಕೂಸ್ ಜಿಂಕೆಯು ಕೃಶವಾದ ಪ್ರಾಣಿ. ಗಂಡೂ 45 ಕಿಲೋಗ್ರಾಮಿನ ಆಸುಪಾಸಿನದು. ಅದು ಎದುರು ಇಳಿಜಾರಿನಲ್ಲಿ ಬಿಸಿಲಿನ ಬಯಲಲ್ಲಿ ದೂರದಲ್ಲಿ ಕಾಣುವುದು. ಬೇಟೆಗಾರನು ಕುಳಿತು ಉಸಿರು ಹಿಡಿದು ಪಕ್ಕೆಗೆ ಗುರಿಯಿಡಲು ಅವಕಾಶವುಂಟು. ಕೀತರ ಕಣ್ಣಮುಂದಿದ್ದುದು ಎಲ್ಕ್ ಎಂಬ ಮಹಾಸಾರಂಗ. ಗಂಡು 300 ಕಿಲೋಗ್ರಾಮಿಗೂ ಮೀರುವುದು, ದಟ್ಟವಾದ ದೇವದಾರುಜಾತಿಯ ಕಾಡಿನ ಕತ್ತಲೆಯಲ್ಲಿ ಹಿಂಭಾಗವನ್ನು ತೋರಿಸಿ ಓಡುವುದು. ಗುರಿ ಹಿಡಿಯುವವನೋ ಹಣ ತೆತ್ತು ಬಂದ ಪಟ್ಟಣವಾಸಿ. ಆ ಪಟ್ಟಣವಾಸಿಯು ಗಾಯಗೊಳಿಸಿ ಬಿಟ್ಟುದನ್ನು ರಕ್ತದ ಜಾಡು ಹಿಡಿದು ಹುಡುಕಬೇಕಾದವನು ದಾರಿತೋರುವವನು. ಒಬ್ಬರದು ಬಯಲಿನ ಸಿದ್ಧಾಂತ, ಇನ್ನೊಬ್ಬರದು ಕಾಡಿನ ಸಿದ್ಧಾಂತ. ಇಬ್ಬರ ವಾಕ್ಯಗಳಿಗೂ ಅವರವರ ದೇಶವೇ ಅಧಿಕರಣ. ಅಧಿಕರಣವನ್ನು ಕಿತ್ತುಹಾಕಿ ಸಾರ್ವತ್ರಿಕವಾಕ್ಯವನ್ನಾಗಿ ಓದಿದ ಅನುಯಾಯಿಗಳಿಂದ ಜಗಳವು ಬೆಳೆಯಿತು. ವಸ್ತುತಃ ಓಕಾನರರ ಪಕ್ಷಪಾತವು ಪ್ರಸಿದ್ಧಿಯಲ್ಲಿರುವಷ್ಟಿಲ್ಲ. 30-06ರ ಸಾಮರ್ಥ್ಯವನ್ನು ಅವರು ಅನೇಕ ಕಡೆ ಮನಸಾರೆ ಒಪ್ಪಿರುವರು. ಅವರ ಪತ್ನಿ ಎಲಿನರ್ ಅವರು ಅದಕ್ಕಿಂತಲೂ ಮಿತವಾದ 7×57 ಎಂಬ 1892ರ ಜರ್ಮನ್ ತೋಟಾದಿಂದ ಅಮೇರಿಕದಲ್ಲಿಯೂ ಆಫ್ರಿಕಾದಲ್ಲಿಯೂ ಬೇಟೆಯಾಡಿ, ಗುಂಡು ಬೀಳುವ ಸ್ಥಾನವೇ ಮುಖ್ಯವೆಂಬ ಗಂಡನ ಮಾತಿಗೆ ಜೀವಂತ ದೃಷ್ಟಾಂತವಾದರು.

ಗದ್ಯದ ದೃಷ್ಟಿಯಿಂದ ಓಕಾನರರಿಗೆ ಸಮಾನರು ಈ ವರ್ಗದಲ್ಲಿ ವಿರಳ. 1949ರ 'ದಿ ರೈಫಲ್ ಬುಕ್' ಎಂಬ ಗ್ರಂಥದಲ್ಲಿ ಶಾಸ್ತ್ರವಿಷಯವನ್ನು ಹೇಳುವಾಗಲೂ ಅವರ ವಾಕ್ಯವು ಬೋಧಕನ ವಾಕ್ಯ: ಸಂಜ್ಞೆಯನ್ನು ಮೊದಲು ಬಿಡಿಸಿ, ಅನುಭವವನ್ನು ಮುಂದಿಟ್ಟು, ತನ್ನನ್ನೇ ಸ್ವಲ್ಪ ಹಾಸ್ಯಮಾಡಿಕೊಂಡು ಮುಂದುವರಿಯುವುದು. ಬೇಟೆಯ ಕಥನಗಳಲ್ಲಿ ಅವರು ಕೋವಿಯನ್ನು ಕೊನೆಗೆ ತರುವರು. ಅದಕ್ಕೆ ಮೊದಲು ಬೆಟ್ಟ, ಬೆಳಕು, ಗಾಳಿಯ ದಿಕ್ಕು, ಮೃಗವು ಮೇಯುವ ಸೊಪ್ಪು ಇವೆಲ್ಲ ಬರುವುವು. ಕೌಟಿಲ್ಯನು ಹೇಳಿದ ಮೃಗಚಿತ್ತಪರಿಜ್ಞಾನವು ಇಲ್ಲಿ ಸಾಹಿತ್ಯವಾಗಿದೆ.

ಕೀತರ ಗದ್ಯಕ್ಕೆ ಈ ಸಂಸ್ಕಾರವಿಲ್ಲ. ಅದು ಬೆಂಕಿಯ ಸುತ್ತ ಕುಳಿತು ಆಡುವ ಮಾತು. ಪುನರುಕ್ತಿಯೂ ಆತ್ಮಪ್ರಶಂಸೆಯೂ ಹೇರಳವಾಗಿವೆ. ಅವರ ಆತ್ಮಕಥೆಯ 1979ರ ಆವೃತ್ತಿಗಿಟ್ಟ ಹೆಸರಿನ ತಾತ್ಪರ್ಯವು 'ಅಯ್ಯಾ, ನಾನೇ ಅಲ್ಲಿದ್ದೆ' ಎಂಬಂತಹುದು. ನ್ಯಾಯಶಾಸ್ತ್ರವನ್ನೋದಿದವರು ಇದನ್ನು ಕೇಳಿ ನಗಬಹುದು. ಪ್ರತ್ಯಕ್ಷವೇ ಪ್ರಮಾಣವೆಂದು ಗ್ರಂಥದ ಹೊದಿಕೆಯ ಮೇಲೆಯೇ ಡಂಗುರ ಹೊಯ್ದ ಗ್ರಂಥಕರ್ತನು ಬೇರೆಲ್ಲಿ ಸಿಕ್ಕುವನು? ಆದರೆ ಆ ನಗೆಯಲ್ಲಿ ಒಂದು ಸತ್ಯವು ಮುಳುಗಿಹೋಗಬಾರದು. ಕೀತರ ಹಠದ ಬೇರು ಅಹಂಕಾರದಲ್ಲಿ ಮಾತ್ರವೇ ಇಲ್ಲ, ತಪ್ಪಿಸಿಕೊಂಡ ಗಾಯಾಳುಮೃಗದ ನೆನಪಿನಲ್ಲಿಯೂ ಇದೆ. ಅವರ ವಾದಗಳನ್ನು ಎಲ್ಲಿ ಅಗೆದರೂ ತಳದಲ್ಲಿ ಒಂದು ರಕ್ತದ ಜಾಡು ಸಿಕ್ಕುವುದು.

ಅವರ ಕಥೆಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವೂ ಅತ್ಯಂತ ಅಪಹಾಸ್ಯಕ್ಕೆ ಗುರಿಯಾದುದೂ ಆದುದು, ಕೈಬಂದೂಕಿನಿಂದ ಸುಮಾರು 600 ಗಜ ದೂರದ ಜಿಂಕೆಯನ್ನು ಕೆಡವಿದ ಕಥೆ. ಕೈಬಂದೂಕಿನಿಂದ ಅಷ್ಟು ದೂರ ಗುರಿ ಹೊಡೆಯುವುದು ಸಾಧ್ಯವೇ ಅಸಾಧ್ಯವೇ ಎಂದು ದಶಕಗಳ ಕಾಲ ಚರ್ಚೆ ನಡೆಯಿತು. ಕಥೆಯನ್ನು ಸಾವಧಾನವಾಗಿ ಓದಿದರೆ ಅದರ ಬೀಜವು ಬೇರೆಯೇ ಆಗಿದೆ: ಜೊತೆಗಾರನ ರೈಫಲಿನಿಂದ ಆಗಲೇ ಗಾಯಗೊಂಡಿದ್ದ ಜಿಂಕೆಯು ಬೆಟ್ಟವನ್ನೇರಿ ಮರೆಯಾಗುವುದರಲ್ಲಿದ್ದಾಗ, ಅದನ್ನು ಹಾಗೆಯೇ ಬಿಡಲಾರದೆ ಕೈಗೆ ಸಿಕ್ಕಿದ ಆಯುಧದಿಂದ ಹೊಡೆದುದು. ವಾಗ್ವಾದವೆಲ್ಲ 600 ಗಜದ ಸುತ್ತಲೇ ಸುತ್ತಿತು. ಗಾಯಗೊಂಡ ಪ್ರಾಣಿಯು ಚರ್ಚೆಯಿಂದ ಜಾರಿಹೋಯಿತು. ಕಥೆಯು ನಿಜವೋ ಸುಳ್ಳೋ, ಅದನ್ನು ಅದ್ಭುತರಸದ ಕಥೆಯೆಂದು ಓದಿದವರು ಅದರ ಸ್ಥಾಯಿಭಾವವನ್ನು ತಪ್ಪಾಗಿ ಗ್ರಹಿಸಿದರು ಎನ್ನಬೇಕಾಗಿದೆ. ಇದಕ್ಕೆ ಕೀತರೂ ನಿರ್ದೋಷಿಗಳಲ್ಲ. ಹೇಳುವ ಭರದಲ್ಲಿ ಅವರೇ ದೂರವನ್ನು ಮುಂದೆ ನಿಲ್ಲಿಸಿದರು.

ಈ ಇಬ್ಬರ ತರುವಾಯ ಬಂದ ಬರಹಗಳಲ್ಲಿ ಬಹುಪಾಲು ಕೋಷ್ಟಕಸಾಹಿತ್ಯವೆಂದು ಕರೆಯಲು ಯೋಗ್ಯವಾದುದು. ಗುಂಡಿನ ತೂಕವನ್ನು ವೇಗದ ವರ್ಗದಿಂದ ಗುಣಿಸಿ, ಬಂದುದನ್ನು 450,240ರಿಂದ ಭಾಗಿಸಿದರೆ ಅಡಿ-ಪೌಂಡುಗಳಲ್ಲಿ ಅದರ ಶಕ್ತಿಯು ದೊರೆಯುವುದು. ಹೀಗೆ ಲೆಕ್ಕ ಹಾಕಿದರೆ 170 ಗ್ರೇನಿನ ಗುಂಡನ್ನು ಸೆಕೆಂಡಿಗೆ 2,200 ಅಡಿ ವೇಗದಲ್ಲಿ ಹಾರಿಸುವ 30-30ಕ್ಕೆ ನಳಿಗೆಯ ಬಾಯಲ್ಲಿ ಸುಮಾರು 1,825, 1955ರಲ್ಲಿ ಬಂದ.243 ಎಂಬುದರ 100 ಗ್ರೇನಿನ ಗುಂಡಿಗೆ ಸುಮಾರು 1,945, ಓಕಾನರರ.270ಕ್ಕೆ ಸುಮಾರು 2,700. ಅಂಕಿಗಳು ಸರಿಯಾಗಿಯೇ ಇವೆ. ಅಂಕಿಗಳಿಂದ ಮಾಡುವ ಅನುಮಾನವು ಸರಿಯಲ್ಲ. ಜಿಂಕೆಗೆ 1,000 ಅಡಿ-ಪೌಂಡುಗಳಾದರೂ ಬೇಕೆಂಬುದು ಅಮೇರಿಕದಲ್ಲಿ ಸೂತ್ರಪ್ರಾಯವಾಗಿ ಹಬ್ಬಿರುವ ಮಾತು. ಶಕ್ತಿಯೇ ಮರಣಕಾರಣವೆಂಬ ವ್ಯಾಪ್ತಿಯು ಅದರ ಹಿಂದೆ ಅಡಗಿದೆ.

ಆ ವ್ಯಾಪ್ತಿಯನ್ನು ಮುರಿಯಲು ದೂರ ಹೋಗಬೇಕಾಗಿಲ್ಲ. ಅಮೇರಿಕದ ಪ್ರಾಂತಗಳಲ್ಲಿ ಬಿಲ್ಲುಬಾಣಗಳಿಂದ ಜಿಂಕೆಯ ಬೇಟೆಯಾಡುವುದಕ್ಕೂ ಪ್ರತ್ಯೇಕವಾದ ಋತು ಉಂಟು. ವರ್ಷವರ್ಷವೂ ಅಸಂಖ್ಯಾತ ಜಿಂಕೆಗಳು ಬಾಣದಿಂದ ಸಾಯುವುವು. ಈಗಿನ ಬಿಲ್ಲಿನಿಂದ ಹೊರಟ 400 ಗ್ರೇನಿನ ಬಾಣವು ಸೆಕೆಂಡಿಗೆ 270 ಅಡಿ ವೇಗದಲ್ಲಿ ಹೋಗುವುದೆಂದಿಟ್ಟುಕೊಂಡು ಅದೇ ಲೆಕ್ಕವನ್ನು ಮಾಡಿದರೆ ಬರುವುದು ಸುಮಾರು 65 ಅಡಿ-ಪೌಂಡು ಮಾತ್ರ. ಸಾವಿರವೆಲ್ಲಿ, ಅರವತ್ತೈದೆಲ್ಲಿ! ಜಿಂಕೆಯನ್ನು ಬೇಗನೆ ಕೊಲ್ಲುವುದು ಹೃದಯ ಮತ್ತು ಶ್ವಾಸಕೋಶಗಳ ಛೇದನದಿಂದ ರಕ್ತವು ಮಿದುಳಿಗೆ ಏರದೆ ನಿಲ್ಲುವುದು, ಅಥವಾ ಮಿದುಳು ಬೆನ್ನುಹುರಿಗಳಿಗೆ ನೇರವಾಗಿ ಬೀಳುವ ಪೆಟ್ಟು. ಬಾಣದ ಮೊನೆಯು ಆ ಕೆಲಸವನ್ನು ಕೊಯ್ದು ಮಾಡುವುದು, ಗುಂಡು ಅರಳಿ ಹರಿದು ಮಾಡುವುದು. ಶಕ್ತಿಯು ಗುಂಡಿನ ವಿಷಯದಲ್ಲಿ ಸಹಕಾರಿ, ಅದೇ ಕರಣವಲ್ಲ. ಗೋವಿಗೆ 'ಕೊಂಬುಳ್ಳದು' ಎಂದು ಲಕ್ಷಣ ಹೇಳಿದರೆ ಅತಿವ್ಯಾಪ್ತಿ, 'ಕಪಿಲವರ್ಣದ್ದು' ಎಂದರೆ ಅವ್ಯಾಪ್ತಿ ಎಂದು ತರ್ಕದ ಮೊದಲ ಪಾಠದಲ್ಲಿಯೇ ಹುಡುಗರು ಕಲಿಯುವರು. ಸಾವಿರದ ಸೂತ್ರಕ್ಕೆ ಎರಡು ದೋಷಗಳೂ ಇವೆ: ಬಾಣವನ್ನು ಅದು ಒಳಗೊಳ್ಳದು, ಅರಳದೆ ಸೂಜಿಯಂತೆ ತೂರಿಹೋಗುವ ಸೈನಿಕರ ಗುಂಡನ್ನು ಒಳಗೊಳ್ಳುವುದು.

ಇಲ್ಲಿ ಶಾಸನಕರ್ತರು ಲೇಖಕರಿಗಿಂತ ಜಾಗರೂಕರಾಗಿ ಕಾಣುವರೆಂಬುದು ಸ್ವಾರಸ್ಯವಾದ ಸಂಗತಿ. ಇಂಗ್ಲೆಂಡಿನ 1991ರ ಜಿಂಕೆ ಶಾಸನವು ಸಾಮಾನ್ಯವಾಗಿ .240 ಅಂಗುಲದ ವ್ಯಾಸವನ್ನೂ ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡುಗಳನ್ನೂ ಕನಿಷ್ಠಮಿತಿಯಾಗಿ ಇಟ್ಟು, ಅಷ್ಟಕ್ಕೇ ನಿಲ್ಲದೆ ಗುಂಡಿನ ಮೂತಿಯು ಮೆದುವಾಗಿ ಅಥವಾ ಟೊಳ್ಳಾಗಿ ಇರಬೇಕೆಂದು ವಿಧಿಸಿದೆ. ಮೆದುಮೂತಿಯ ಗುಂಡು ಮೈಯೊಳಗೆ ಅಣಬೆಯಂತೆ ಅರಳುವುದು. ಕೊಲೊರಾಡೋ ಪ್ರಾಂತದ ನಿಯಮದಲ್ಲಿಯೂ ಅರಳುವ ಗುಂಡಿಗೇ ಅನುಮತಿ. ಸಂಖ್ಯೆಯೊಂದೇ ಸಾಲದು, ವಸ್ತುವಿನ ಸ್ವಭಾವವನ್ನೂ ಹೇಳಬೇಕು ಎಂಬ ವಿವೇಕವು ಒಣ ಶಾಸನದ ಭಾಷೆಯಲ್ಲಿದ್ದು, ವರ್ಣರಂಜಿತವಾದ ಲೇಖನಗಳಲ್ಲಿ ಇಲ್ಲದಿರುವುದು ವಿಷಾದಕರ.

ಗುಂಡಿನ ಸ್ವಭಾವವನ್ನು ಹೇಳುವ ಕಥೆಗಳಲ್ಲಿ ಜಾನ್ ನೋಸ್ಲರರದು ಆದರ್ಶಪ್ರಾಯವಾದುದು. 1946ರಲ್ಲಿ ಅವರು ಕೆನಡಾದಲ್ಲಿ ಮೂಸ್ ಎಂಬ ಭಾರಿಯ ಸಾರಂಗವನ್ನು ಬಲವಾದ ತೋಟಾದಿಂದ ಹೊಡೆದರು. ಮೃಗದ ಮೈಗೆ ಕೆಸರು ಮೆತ್ತಿಕೊಂಡಿತ್ತು. ಗುಂಡುಗಳು ಮೇಲ್ಗಡೆಯಲ್ಲಿಯೇ ಛಿದ್ರವಾಗಿ ಒಳಹೋಗಲಿಲ್ಲ. ಮನೆಗೆ ಹಿಂದಿರುಗಿದವರು ದೊಡ್ಡ ಕೋವಿಯನ್ನು ಹುಡುಕಲಿಲ್ಲ. ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯನ್ನಿಟ್ಟು, ಮುಂಭಾಗವು ಅರಳುವಂತೆಯೂ ಹಿಂಭಾಗವು ಒಡೆಯದೆ ಮುನ್ನುಗ್ಗುವಂತೆಯೂ ರಚಿಸಿದರು. 1948ರಲ್ಲಿ ಅದು ಮಾರಾಟಕ್ಕೆ ಬಂದಿತು. ಅದರಿಂದ ಓಕಾನರ್-ಕೀತ್ ವಿವಾದದ ಅರ್ಧಭಾಗವು ನೆಲಕಚ್ಚಿತೆಂದೇ ಹೇಳಬಹುದು. ಸಣ್ಣ ಗುಂಡು ಒಡೆಯುವುದೆಂಬುದು ಕೀತರ ಆಕ್ಷೇಪ, ಒಡೆಯದ ಸಣ್ಣ ಗುಂಡು ಅದಕ್ಕೆ ಉತ್ತರ. ಧನುರ್ವೇದದ ಗ್ರಂಥಗಳು ಬಿಲ್ಲಿನ ಬಲವನ್ನು ಹೇಳಿ ಸುಮ್ಮನಾಗದೆ ಆರಾಮುಖ, ಕ್ಷುರಪ್ರ, ಅರ್ಧಚಂದ್ರ, ಸೂಚೀಮುಖ ಎಂದು ಮೊನೆಗಳನ್ನು ವಿಂಗಡಿಸಿ ಒಂದೊಂದಕ್ಕೂ ಬೇರೆಬೇರೆ ಪ್ರಯೋಜನವನ್ನು ವಿಧಿಸಿದುದು ಇದೇ ತಿಳಿವಳಿಕೆಯಿಂದ. ಕೋವಿಯ ಜಗತ್ತು ಮೊನೆಯ ವಿಚಾರಕ್ಕೆ ಮರಳಿ ಬರಲು ಬಹುಕಾಲ ಹಿಡಿಯಿತು.

ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ಕಾವ್ಯದ ಜೀವಿತವೆಂದು ಸಾರಿದನು. ಗುಣವಾಗಲಿ ಅಲಂಕಾರವಾಗಲಿ ತನ್ನ ಸ್ಥಾನದಲ್ಲಿದ್ದರೆ ಶೋಭೆ, ಸ್ಥಾನ ತಪ್ಪಿದರೆ ಹಾಸ್ಯಾಸ್ಪದ. ತೋಟಾದ ವಿಚಾರದಲ್ಲಿ ಇದಕ್ಕಿಂತ ಮೇಲಾದ ಒರೆಗಲ್ಲನ್ನು ಅಮೇರಿಕದ ವಿಮರ್ಶಕರು ಕಂಡುಕೊಂಡಿಲ್ಲ. ಪೊದೆಗಾಡಿನಲ್ಲಿ 60 ಗಜದೊಳಗೆ ನಿಲ್ಲುವ ಬಿಳಿಬಾಲದ ಜಿಂಕೆಗೆ ಮುದುಕನಾದ 30-30 ಇಂದಿಗೂ ಉಚಿತವೇ. ಒದೆತಕ್ಕೆ ಅಂಜುವ ಹೊಸಬನಿಗೆ .243 ಉಚಿತ, ಅದೇ.243ನ್ನು ಎಲ್ಕಿನ ಹಿಂಬದಿಗೆ ಹಾರಿಸುವುದು ಅನುಚಿತ. ಮನುಷ್ಯನಷ್ಟೇ ತೂಗುವ ಪ್ರಾಣಿಗೆ ಆನೆಯ ತೋಟಾವನ್ನು ತರುವುದು ಶೃಂಗಾರಪ್ರಕರಣದಲ್ಲಿ ರಣಭೇರಿಯನ್ನು ಬಾರಿಸಿದಂತೆ. ಮಾಂಸವೂ ಕೆಡುವುದು, ಭುಜವೂ ನೋಯುವುದು, ಅಂಜಿದ ಕೈಯಿಂದ ಗುರಿಯೂ ತಪ್ಪುವುದು.

ಈಚಿನ ಇಪ್ಪತ್ತು ವರ್ಷಗಳ ಬರಹಗಳಲ್ಲಿ ಔಚಿತ್ಯಭಂಗವು ಮತ್ತೊಂದು ಬಗೆಯಾಗಿ ಬೆಳೆದಿದೆ. 2007ರಲ್ಲಿ ಹಾರ್ನಡಿ ಕಂಪೆನಿಯವರು ಹೊರತಂದ 6.5 ಕ್ರೀಡ್‌ಮೋರ್ ಎಂಬ ತೋಟಾವು ಮೂಲತಃ ಗುರಿಹಲಗೆಯ ಸ್ಪರ್ಧೆಗಾಗಿ ಹುಟ್ಟಿದುದು. ಒದೆತವು ಕಡಿಮೆ, ಗಾಳಿಗೆ ಕಡಿಮೆ ಬಾಗುವ ನೀಳವಾದ ಗುಂಡು. ಜಿಂಕೆಗೂ ಸಲ್ಲುವ ಉತ್ತಮ ವಸ್ತುವೇ ಸರಿ. ದೋಷವು ತೋಟಾದ್ದಲ್ಲ, ಅದನ್ನು ಕುರಿತು ಬರೆಯುವ ಬಗೆಯದು. ದೂರವನ್ನೇ ಪೌರುಷವೆಂದು ಭಾವಿಸಿ 600, 800 ಗಜಗಳೆಂದು ಏರಿಸುತ್ತ ಹೋಗುವ ಲೇಖನಗಳಲ್ಲಿ ಹಲಗೆಗೂ ಜಿಂಕೆಗೂ ಭೇದವೇ ಅಳಿಸಿಹೋಗಿದೆ. 600 ಗಜವನ್ನು ದಾಟಲು ಗುಂಡಿಗೆ ಮುಕ್ಕಾಲು ಸೆಕೆಂಡಿನ ಆಸುಪಾಸು ಬೇಕು. ಹಲಗೆಯು ಅಲ್ಲಿಯೇ ಇರುವುದು; ಮೇಯುವ ಜಿಂಕೆಯು ಅಷ್ಟರಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಶ್ವಾಸಕೋಶಕ್ಕೆಂದು ಹೊರಟ ಗುಂಡು ಜಠರಕ್ಕೆ ಬೀಳುವುದು. ಆ ಒಂದು ಹೆಜ್ಜೆಯನ್ನು ಯಾವ ಕೋಷ್ಟಕವೂ ಬರೆಯುವುದಿಲ್ಲ.

ರಘುವಂಶದ ಒಂಬತ್ತನೆಯ ಸರ್ಗವನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಲ್ಲ. ದಶರಥನು ಕಿವಿಯ ವರೆಗೆ ಹೆದೆಯೆಳೆದು ಗಂಡುಜಿಂಕೆಯೊಂದಕ್ಕೆ ಗುರಿಯಿಟ್ಟಿರುವಾಗ ಅದರ ಸಂಗಾತಿಯು ಅಡ್ಡಲಾಗಿ ಬಂದು ನಿಲ್ಲುವುದು. ಅದನ್ನು ಕಂಡು ಕರಗಿದ ಅರಸನು ಬಾಣವನ್ನು ಹಿಂದೆಗೆಯುವನು. ಅದೇ ಅರಸನು ಅದೇ ಸರ್ಗದ ಕೊನೆಯಲ್ಲಿ, ಕೊಡದಲ್ಲಿ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು, ಕಾಣದ ಗುರಿಗೆ ಶಬ್ದವೇಧಿಯಾದ ಬಾಣವನ್ನು ಬಿಟ್ಟು ತಾಪಸಪುತ್ರನನ್ನು ಕೊಲ್ಲುವನು. ಮೊದಲ ಪ್ರಸಂಗದಲ್ಲಿ ಕಣ್ಣು ಕಂಡಿತು, ಕೈ ತಡೆಯಿತು. ಎರಡನೆಯದರಲ್ಲಿ ಕೌಶಲವಿತ್ತು, ಕಾಣಿಕೆಯಿರಲಿಲ್ಲ. ಕಾಳಿದಾಸನು ಈ ಎರಡನ್ನೂ ಒಂದೇ ದಿನಗಳ ಬೇಟೆಯಲ್ಲಿ ಒಂದೇ ಕೈಯಿಂದ ಮಾಡಿಸಿದುದು ಆಕಸ್ಮಿಕವಾಗಿರಲಾರದು. ಓಕಾನರರ ಉತ್ತಮವಾದ ಪುಟಗಳು ಮೊದಲ ಪ್ರಸಂಗದ ಬಳಗಕ್ಕೆ ಸೇರುವುವು; ದೂರದ ಪೌರುಷವನ್ನು ಹೊಗಳುವ ಈಚಿನ ಲೇಖನಗಳು ಎಷ್ಟೇ ಶಾಸ್ತ್ರೀಯವಾಗಿ ಕಂಡರೂ ಎರಡನೆಯದರ ಬಳಗದವು.

ಓಕಾನರರಾಗಲಿ ಕೀತರಾಗಲಿ ಕಾಣದಿದ್ದ ಒಂದು ಸಂಗತಿಯೂ ಉಂಟು. ಸೀಸದ ಗುಂಡು ಮೈಯೊಳಗೆ ಅರಳುವಾಗ ಅದರಿಂದ ಸಣ್ಣಸಣ್ಣ ಚೂರುಗಳು ಸಿಡಿದು ಮಾಂಸದಲ್ಲಿಯೂ ಕರುಳಿನಲ್ಲಿಯೂ ಹರಡುವುವು. ಬೇಟೆಗಾರನು ಕಾಡಿನಲ್ಲಿಯೇ ಬಿಟ್ಟುಬರುವ ಕರುಳಿನ ರಾಶಿಯನ್ನು ಹದ್ದುಗಳು ತಿನ್ನುವುವು. ಕ್ಯಾಲಿಫೋರ್ನಿಯದ ಕಾಂಡರ್ ಎಂಬ ಮಹಾಗೃಧ್ರವು ಅಳಿವಿನಂಚಿಗೆ ಬಂದು 1982ರಲ್ಲಿ ಇಡೀ ಲೋಕದಲ್ಲಿ 22 ಮಾತ್ರ ಉಳಿದಿದ್ದುವು. ಮರಳಿ ಕಾಡಿಗೆ ಬಿಟ್ಟ ಮೇಲೂ ಅವುಗಳ ಮರಣಕ್ಕೆ ಸೀಸದ ವಿಷವೇ ಪ್ರಬಲವಾದ ಕಾರಣವೆಂದು ಕಂಡುಬಂದಿತು. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಯಾವ ಬೇಟೆಗೂ ಸೀಸದ ಗುಂಡನ್ನು ಬಳಸಕೂಡದೆಂಬ ನಿಯಮವು ಪೂರ್ಣವಾಗಿ ಜಾರಿಗೆ ಬಂದಿದೆ. 1989ರಲ್ಲಿ ಬಾರ್ನ್ಸ್ ಕಂಪೆನಿಯವರು ತಂದ ಶುದ್ಧತಾಮ್ರದ ಗುಂಡಿನಂತಹವು ಈಗ ಆ ಸ್ಥಾನವನ್ನು ತುಂಬುತ್ತಿವೆ. ಅವು ಸೀಸಕ್ಕಿಂತ ಹಗುರವಾದುದರಿಂದ ಅದೇ ತೂಕಕ್ಕೆ ಹೆಚ್ಚು ಉದ್ದವಾಗುವುವು. ಸರಿಯಾಗಿ ಅರಳಲು ಸಾಕಷ್ಟು ವೇಗವೂ ಬೇಕು. ಆದುದರಿಂದ ವೇಗದ ಪಕ್ಷಪಾತಿಗಳಾಗಿದ್ದ ಓಕಾನರರ ಮತಕ್ಕೆ ಅವರು ನಿರೀಕ್ಷಿಸದಿದ್ದ ದಿಕ್ಕಿನಿಂದ ಬಲವು ಬಂದಂತಾಗಿದೆ. ಜಟಾಯುವಿನ ವಂಶದವರ ಸಾಕ್ಷ್ಯದಿಂದ ತೋಟಾದ ವಿವಾದವು ತೀರ್ಮಾನದತ್ತ ಸಾಗಬಹುದೆಂದು 1949ರಲ್ಲಿ ಯಾರು ತಾನೇ ಊಹಿಸಬಲ್ಲವರಾಗಿದ್ದರು?

ಇಷ್ಟನ್ನು ಪರಿಶೀಲಿಸಿದ ಮೇಲೆ ಓಕಾನರರ ಕೆಲವು ಬೇಟೆಯ ಕಥನಗಳಾದರೂ ಕನ್ನಡಕ್ಕೆ ಬರಬೇಕೆಂಬುದರಲ್ಲಿ ಸಂಶಯವಿಲ್ಲ. ಕೀತರ ಆತ್ಮಕಥೆಯಿಂದ ದಾರಿತೋರುವವನಾಗಿದ್ದ ಕಾಲದ ಪ್ರಕರಣಗಳನ್ನು ಆರಿಸಿಕೊಂಡರೆ ಸಾಕು. ಕೋಷ್ಟಕಸಾಹಿತ್ಯವು ಅದರ ಭಾಷೆಯಲ್ಲಿಯೇ ಇರಲಿ. ಭಾಷಾಂತರಕಾರನಿಗೆ ಪರಿಭಾಷೆಯ ಬಡತನವು ಬಾಧಿಸಲಾರದು. ಕೋವಿ, ನಳಿಗೆ, ಮದ್ದು, ಚರೆ, ಕೇಪು, ತೋಟಾ ಇವೆಲ್ಲ ಮಲೆನಾಡಿನವರ ಬಾಯಲ್ಲಿ ಸವೆದು ನುಣುಪಾದ ಮಾತುಗಳು. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಮುದ್ರಣವಾದ 1933ರಿಂದಲೇ ಅವುಗಳಿಗೆ ಗ್ರಂಥಸ್ಥಾನವೂ ದೊರೆತಿದೆ. ಆಂಗ್ಲದ 'ಶಾಟ್' ಎಂಬುದಕ್ಕೆ 'ಗುಂಡೇಟು' ಎಂದು ಪಟ್ಟಣದ ಪತ್ರಿಕೆಗಳು ಬರೆಯುವುವು. ಅದು ಪೋಲೀಸರ ವರದಿಯ ಮಾತು. 'ಈಡು' ಎಂಬ ಹಳೆಯ ಮಾತು ಇನ್ನೂ ಜೀವಂತವಾಗಿರುವಾಗ ಅದನ್ನೇ ಬಳಸುವುದು ಲೇಸು.